ಹೆಸರಿಲ್ಲದ ಟ್ಯೂಬಿನ ಬಿಸಿ

ದೆವ್ವ, ಶಕುನ, ಮೈಮೇಲೆ ಬರುವುದು, ಇಂಥದ್ದನ್ನೆಲ್ಲ ನಂಬಿದವಳಲ್ಲ ನಾನು. ಮೈಸೂರಿನಲ್ಲಿ ಅಮ್ಮ ದೃಷ್ಟಿ ತೆಗೆಯಲು ಬಂದರೆ ಎದ್ದು ಹೋಗುತ್ತಿದ್ದೆ. ಲ್ಯಾಬಿನಲ್ಲಿ ಕೆಲಸ ಮಾಡುವವಳು. ಒಂದು ಸಲ ಕಂಡದ್ದನ್ನು ಇನ್ನೊಂದು ಸಲ ನೋಡದೆ ಒಪ್ಪುವ ಸ್ವಭಾವ ನನ್ನದಲ್ಲ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೂ ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಸ್ಟೇಷನ್ ಪಕ್ಕದ ಫ್ಲಾಟಿನಲ್ಲಿದ್ದೆ. ಸುತ್ತಲಿನ ಸಬರ್ಬ್‌ಗಳ ಜನರಲ್ಲಿ ಎಚ್‌ಐವಿ ಎಷ್ಟು ಹರಡಿದೆಯೆಂದು ತಿಳಿಯುವ ಸರ್ವೆಯೊಂದು ನಮ್ಮ ಲ್ಯಾಬಿಗೆ ಬಂತು. ತಾವಾಗಿ ಬಂದು ಪರೀಕ್ಷೆ ಮಾಡಿಸಿಕೊಳ್ಳಲು ಜನ ಹೆದರುತ್ತಿದ್ದ ಕಾಲ. ನಮ್ಮ ಕನ್ನಡದವರ ಮನೆಗಳಲ್ಲಂತೂ ಆ ಮಾತೆತ್ತಿದರೆ, “ಅದೆಲ್ಲ ನಮ್ಮವರಿಗೆ ಎಲ್ಲಿ ಬರತ್ತೆ, ಬಿಡ್ರೀ” ಎಂದು ಇನ್ನೊಂದು ಸೌಟು ಸಾರು ಬಡಿಸುತ್ತಿದ್ದರು.

ಅದಕ್ಕೇ, ಬೇರೆ ಕಾಯಿಲೆಗೆಂದು ಆಸ್ಪತ್ರೆಗಳಲ್ಲಿ ತೆಗೆದ ರಕ್ತದಲ್ಲಿ ಮಿಕ್ಕಿದ್ದನ್ನು ಹೆಸರು ಕಿತ್ತುಹಾಕಿ ನಮಗೆ ಕಳಿಸುತ್ತಿದ್ದರು. ಗಂಡೋ ಹೆಣ್ಣೋ, ವಯಸ್ಸು ಸುಮಾರು ಎಷ್ಟು, ಟ್ಯೂಬಿನ ಮೇಲೆ ಅಷ್ಟೇ. ಸೋಂಕು ಇದೆಯೆಂದು ಗೊತ್ತಾದರೂ ಅದು ಯಾರ ರಕ್ತವೆಂದು ಪತ್ತೆಹಚ್ಚುವ ದಾರಿ ಯಾರಿಗೂ ಇರಲಿಲ್ಲ. ಆ ಭರವಸೆಯ ಮೇಲೇ ಇಡೀ ಕೆಲಸ ನಿಂತಿತ್ತು. ಅದು ಸರಿಯೆಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಒಂದು ಬೆಳಿಗ್ಗೆ ಫ್ರಿಜ್ಜಿನಿಂದ ಟ್ಯೂಬುಗಳನ್ನು ತೆಗೆಯುತ್ತಿದ್ದಾಗ ಒಂದು ಮಾತ್ರ ಬಿಸಿಯಾಗಿತ್ತು. ಸುಡುವಷ್ಟಲ್ಲ; ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಗ್ಲೌಸ್ ಹಾಕಿದ್ದರೂ ತಿಳಿಯುತ್ತಿತ್ತು. ಅಕ್ಕಪಕ್ಕದವೆಲ್ಲ ತಣ್ಣಗಿದ್ದವು. ಸೀನಿಯರ್ ಹೆಲೆನ್‌ಳನ್ನು ಕರೆದೆ. ಅವಳು ಹಿಡಿದು ನೋಡಿ, ಐಸಿನ ಹಾಗಿದೆ, ಜ್ವರ ನಿನಗೇ ಬಂದಿರಬೇಕು ಎಂದು ನಕ್ಕಳು. ಥರ್ಮಾಮೀಟರ್ ಇಟ್ಟುಕೊಂಡು ನೋಡಿದೆ, ಜ್ವರವಿರಲಿಲ್ಲ. ಟ್ಯೂಬನ್ನು ಮತ್ತೆ ಕೈಗೆ ತೆಗೆದುಕೊಂಡೆ. ಮತ್ತೆ ಬಿಸಿ.

ಅದು ಪಾಸಿಟಿವ್ ಬಂತು. ಇನ್ನೊಂದು ಸಲ ಪರೀಕ್ಷಿಸಿದರೂ ಅದೇ. ಇಪ್ಪತ್ತು ದಾಟಿದ ಯಾವನೋ ಹುಡುಗ ಆ ಹೊತ್ತಿನಲ್ಲಿ ಎಲ್ಲೋ ಟ್ರೇನ್ ಹತ್ತುತ್ತಿರಬಹುದು. ಅವನಿಗೆ ಗೊತ್ತಿಲ್ಲ, ನನಗೆ ಗೊತ್ತು, ಹೇಳೋಣವೆಂದರೆ ಅವನು ಯಾರೆಂದು ಗೊತ್ತಿಲ್ಲ. ಆ ಟ್ಯೂಬನ್ನು ಕೆಳಗಿಟ್ಟು ಮುಂದಿನದನ್ನು ಎತ್ತಿಕೊಂಡೆ.

ಕೆಲವು ವರ್ಷಗಳ ಮೇಲೆ ಮೆಲ್ಬರ್ನ್‌ಗೆ ಬಂದೆ. ಪರಿಚಯದ ಡಾಕ್ಟರೊಬ್ಬರು ಒಂದು ದಿನ ಫೋನ್ ಮಾಡಿ, ಕನ್ನಡದ ಹುಡುಗನೊಬ್ಬ ಏಡ್ಸ್ ಆಗಿ ಆಸ್ಪತ್ರೆಯಲ್ಲಿದ್ದಾನೆ, ಅಕ್ಕನನ್ನು ಬಿಟ್ಟರೆ ನಮ್ಮವರು ಯಾರೂ ಆ ಕಡೆ ಸುಳಿದಿಲ್ಲ, ಹೋಗಿ ಎರಡು ಮಾತಾಡಿಸಿ ಎಂದರು. ಅಂದು ಮಧ್ಯಾಹ್ನವೇ ಹೋದೆ. ಅವನ ಹೆಸರು ರಘು. ಹಾಸಿಗೆಯ ಆಚೆ ಬದಿಗೆ ಅಕ್ಕ ಶೈಲಜಾ ಕೂತಿದ್ದಳು.

“ನೀವು ಸಿಡ್ನಿನಲ್ಲಿ ಇದ್ರಂತೆ? ನಾನೂ ಅಲ್ಲೇ ಇದ್ದೆ ಆಂಟಿ, ವೆಸ್ಟ್‌ಮೀಡ್ ಹತ್ರಾನೇ” ಎಂದ. ದನಿ ಸೋತಿತ್ತು. “ಜಾಂಡೀಸ್ ಆಗಿ ಅಡ್ಮಿಟ್ ಆಗಿದ್ದೆ. ಎಷ್ಟು ಸಲ ಬ್ಲಡ್ ತೆಗೆದ್ರು! ಆಗ್ಲೇ ಯಾರಾದ್ರೂ ಹೇಳಿದ್ರೆ ಟ್ರೀಟ್‌ಮೆಂಟ್ ಬೇಗ ಶುರು ಮಾಡ್ಬಹುದಿತ್ತು, ಅಲ್ವಾ?”

ನಾನು ಅವನ ಕೈ ಹಿಡಿದುಕೊಂಡೆ. ಈ ಸಲ ಗ್ಲೌಸ್ ಇರಲಿಲ್ಲ. ಕೈ ಬಿಸಿಯಾಗಿತ್ತು. ಅದೇ ಬಿಸಿ, ಮರೆಯುವಂಥದ್ದಲ್ಲ ಅದು. ಜ್ವರ ಇದೆಯೇ ಎಂದು ನರ್ಸನ್ನು ಕೇಳಿದೆ. ಇಲ್ಲ ಎಂದಳು. ಅಷ್ಟರಲ್ಲಿ ಶೈಲಜಾ ಎದ್ದು ಬಂದು, ನನ್ನ ಕೈಯೊಳಗಿದ್ದ ತಮ್ಮನ ಕೈಯನ್ನು ಮುಟ್ಟಿದಳು.

“ಎಷ್ಟು ತಣ್ಣಗಿದೆ ನೋಡಿ ಆಂಟಿ” ಎಂದು ಹೊದಿಕೆ ಮೇಲೆಳೆದಳು.

ಆ ರಕ್ತ ಅವನದೇ ಎನ್ನಲು ನನ್ನ ಬಳಿ ಯಾವ ಆಧಾರವೂ ಇಲ್ಲ. ಆ ಊರಿನಲ್ಲಿ ಎಷ್ಟು ಆಸ್ಪತ್ರೆ, ಎಷ್ಟು ಜನ, ಎಷ್ಟು ಟ್ಯೂಬು! ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾನೇ ನಗುತ್ತಿದ್ದೆ. ಆ ಬಿಸಿ ಏನೆಂದು ಇವತ್ತಿಗೂ ಗೊತ್ತಿಲ್ಲ. ಟ್ಯೂಬನ್ನಾದರೆ ಕೆಳಗಿಟ್ಟು ಮುಂದಿನದಕ್ಕೆ ಹೋಗಬೇಕಿತ್ತು, ಹೋಗಿದ್ದೆ. ಆ ಕೈಯನ್ನು ಮಾತ್ರ ಅವನು ನಿದ್ದೆ ಹೋದ ಮೇಲೂ ನಾನು ಬಿಡಲಿಲ್ಲ.