ಗುಬ್ಬಿಯಲ್ಲಿ ನಾನು ಕಳಿಸಿದ ಚೀಟಿ

ಹೆಂಡತಿ ತೀರಿಹೋದ ಮೇಲೆ ತುಮಕೂರಿನ ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದದ್ದು ಟಿವಿ ಒಂದೇ. ಅದರ ಮಾತೂ ಸಾಕಾಗಿ, ಹಿಂದೆ ಪಾಠ ಮಾಡಿದ್ದ ಗುಬ್ಬಿಯಲ್ಲಿ, ಪರಿಚಯದವರೊಬ್ಬರ ಅಂಗಡಿಯ ಮಹಡಿಯ ಮೇಲೆ, ತಿಂಗಳಿಗೊಂದು ಭಾನುವಾರ ಒಂದು ಕಾರ್ಯಕ್ರಮ ಶುರು ಮಾಡಿದೆ. ಯಾರಾದರೂ ಒಬ್ಬರು ತಮ್ಮ ಕಸುಬಿನ ಬಗ್ಗೆ ಹೇಳಬೇಕು, ನಾವು ಕೇಳಬೇಕು, ಅಷ್ಟೇ. ಕುಣಿಗಲ್ ಕೆರೆಯ ತೂಬು ಎತ್ತುತ್ತಿದ್ದ ನೀರುಗಂಟಿ ಬಂದರು. ಕುದುರೆ ಲಾಯದಲ್ಲಿ ಆಯಸ್ಸು ಕಳೆದವರೊಬ್ಬರು ಬಂದರು. ಕೇಳುವವರು ಹೆಚ್ಚೆಂದರೆ ಎಂಟು ಜನ, ಅದರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ ಬಂದವರು.

ತಪ್ಪದೆ ಬರುತ್ತಿದ್ದವರು ನಮ್ಮ ತುಮಕೂರಿನ ಶಿರಾ ಗೇಟಿನ ಹಾಸಿಗೆ ಅಂಗಡಿಯ ಸಾಹೇಬರು. ನನಗಿಂತ ಐದಾರು ವರ್ಷ ದೊಡ್ಡವರು. ತುಮಕೂರಿನಿಂದ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಯಾರು ಏನೇ ಹೇಳಲಿ, ಕೊನೆಗೆ ಅವರದು ಒಂದೇ ಪ್ರಶ್ನೆ: "ಆಮೇಲೇನಾಯ್ತು?" ನಿಜವಾದ ಮಾತು ಹೊರಬೀಳುತ್ತಿದ್ದದ್ದೇ ಅದಾದ ಮೇಲೆ.

ನೀವೂ ಒಂದು ದಿನ ಮಾತಾಡಿ ಎಂದು ಎರಡು ವರ್ಷ ಗೋಗರೆದೆ. "ನಂದೇನೈತೆ ಮೇಷ್ಟ್ರೇ, ಹತ್ತಿ, ದಾರ, ಸೂಜಿ" ಎನ್ನುತ್ತಿದ್ದರು. ಕಡೆಗೂ ಒಪ್ಪಿದರು. ಅದೇ ತಿಂಗಳು ಒಂದು ಟ್ರಸ್ಟ್ ನಮಗೆ ನೆರವು ಕೊಡಲು ಮುಂದೆ ಬಂತು. ಅರ್ಜಿ ಹಾಕಿದವನು ನಾನೇ. ಅವರು ಕೇಳಿದ್ದು ನಾಲ್ಕು ಫೋಟೋ, ಒಂದು ವರದಿ. ವೇದಿಕೆ, ಹಾರ, ಶಾಲು ಯಾರೂ ಕೇಳಿರಲಿಲ್ಲ. ಆದರೆ ದುಡ್ಡು ಬಂದ ಮೇಲೆ ವೇದಿಕೆ ಹಾಕದೆ ನಮ್ಮಂಥವರಿಗೆ ನಿದ್ದೆ ಬರುತ್ತದೆಯೇ? ಹಾಲ್ ಹಿಡಿದೆ. ಫ್ಲೆಕ್ಸ್ ಮಾಡಿಸಿದೆ. ಕುರ್ಚಿ ತುಂಬಲೆಂದು ಕಾಲೇಜು ಮಕ್ಕಳನ್ನು ಕರೆಸಿದೆ.

ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಸನ್ಮಾನ. ಮುಖ್ಯ ಅತಿಥಿಗಳು ತಮ್ಮ ಬಾಲ್ಯದಿಂದ ಮಾತು ಶುರು ಮಾಡಿದರು. ಸಾಹೇಬರು ಇಸ್ತ್ರಿ ಶರಟು ಹಾಕಿಕೊಂಡು, ಅಪ್ಪನ ಕಾಲದ ಹತ್ತಿ ಹಿಂಜುವ ಬಿಲ್ಲನ್ನು ಪಕ್ಕಕ್ಕೆ ಒರಗಿಸಿ, ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕಾಯುತ್ತಿದ್ದರು.

ಮೈಕು ಅವರ ಕೈಗೆ ಬರುವಷ್ಟರಲ್ಲಿ ಊಟದ ಹೊತ್ತು. ಅವರಪ್ಪ ಆ ಬಿಲ್ಲು ಹೊತ್ತು ಕುಣಿಗಲ್ ಕಡೆಯ ಹಳ್ಳಿಗಳಿಗೆ ನಡೆದುಕೊಂಡು ಹೋಗುತ್ತಿದ್ದರಂತೆ. ಒಮ್ಮೆ ಒಂದು ಮನೆಯ ಜಗಲಿಯಲ್ಲಿ ಹಳೇ ದಿಂಬು ಬಿಚ್ಚಿದಾಗ ಹತ್ತಿಯೊಳಗೆ ತಾಳಿಯೊಂದು ಸಿಕ್ಕಿತಂತೆ. "ನಮ್ಮಪ್ಪ ಅದನ್ನ ಅಂಗೈಲಿ ಇಟ್ಕೊಂಡು ಮನೆಯವ್ರನ್ನ ಕೂಗುದ್ರು. ಒಳಗಿಂದ ಒಬ್ಬಮ್ಮ ಬಂದ್ರು..."

ಮುಖ್ಯ ಅತಿಥಿಗಳು ವಾಚು ನೋಡಿಕೊಂಡರು. ನನ್ನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಎಷ್ಟೋ ಸಭೆ ನಡೆಸಿದ ಕೈ ಅದು. 'ದಯವಿಟ್ಟು ಮುಗಿಸಿ' ಎಂದು ಚೀಟಿ ಬರೆದು ದಾಟಿಸಿದೆ. ಅವರು ಓದಿದರು. ಮತ್ತೊಮ್ಮೆ ಓದಿದರು. "ಎಲ್ರಿಗೂ ನಮಸ್ಕಾರ" ಎಂದು ಕೂತುಬಿಟ್ಟರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು.

ವಾಪಸ್ ಬರುವಾಗ ಬಸ್ಸಿನ ಸೀಟಿನಲ್ಲಿ ನಮ್ಮಿಬ್ಬರ ಮಧ್ಯೆ ಆ ಬಿಲ್ಲು ಇತ್ತು. ಮುಂದಿನ ತಿಂಗಳಿಂದ ಅವರು ಬರಲಿಲ್ಲ.

ಫೋಟೋ ಚೆನ್ನಾಗಿ ಬಂದಿದ್ದವು. ಒಂದರಲ್ಲಿ ಸಾಹೇಬರು ಚೀಟಿ ಹಿಡಿದು ನಿಂತಿದ್ದಾರೆ, ನೋಡಿದವರಿಗೆ ಭಾಷಣ ಓದುತ್ತಿರುವಂತೆ ಕಾಣುತ್ತದೆ. ಟ್ರಸ್ಟಿನವರಿಗೆ ಅದೇ ಹಿಡಿಸಿತು. ಈ ವರ್ಷವೂ ನೆರವು ಬಂದಿದೆ, ಹಾಲ್ ತುಂಬುತ್ತದೆ. ಪ್ರಶ್ನೆ ಇದ್ದರೆ ಕೇಳಿ ಎಂದು ನಾನು ಹೇಳಿದ ತಕ್ಷಣ ಎಲ್ಲರೂ ಬ್ಯಾಗು ಎತ್ತಿಕೊಳ್ಳುತ್ತಾರೆ. ಖಾಲಿ ಮನೆಯಲ್ಲಿ ಆಗದಷ್ಟು ಒಂಟಿತನ ಆ ತುಂಬಿದ ಹಾಲ್‌ನಲ್ಲಿ ನನಗಾಗುತ್ತದೆ.

ಮೊನ್ನೆ ತಡೆಯಲಾರದೆ ಶಿರಾ ಗೇಟಿಗೆ ಹೋದೆ. ಸಾಹೇಬರು ನಗುತ್ತಲೇ ಸ್ಟೂಲು ಎಳೆದು ಕೂರಿಸಿ ಟೀ ತರಿಸಿದರು. ಮಂಡಿ ನೋವಿನ ಬಗ್ಗೆ, ರಸ್ತೆ ಅಗೆದಿರುವುದರ ಬಗ್ಗೆ ಮಾತಾಡಿದೆವು. ಕ್ಷಮೆ ಕೇಳಬೇಕೆಂದು ಹೋದವನಿಗೆ ಬಾಯಿಗೆ ಬಂದದ್ದು ಬೇರೆ.

"ಸಾಹೇಬ್ರೇ, ಒಳಗಿಂದ ಒಬ್ಬಮ್ಮ ಬಂದ್ರು ಅಂದ್ರಲ್ಲ, ಆಮೇಲೇನಾಯ್ತು?"

ಅವರು ಸೂಜಿಗೆ ದಾರ ಪೋಣಿಸಿಕೊಂಡರು. "ಇನ್ನೊಂದಿನ ಹೇಳ್ತೀನಿ ಬುಡಿ ಮೇಷ್ಟ್ರೇ. ಗಿರಾಕಿ ಬಂದವ್ರೆ."

ತಿರುಗಿ ನೋಡಿದೆ. ಅಂಗಡಿಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.