ಅಪ್ಪನ ಗಾಡಿಯ ಟಿಕೆಟ್

ವಾಡಿಯ ರೈಲ್ವೆ ಕಾಲೊನಿಯಲ್ಲಿ ಬೆಳೆದವರಿಗೆಲ್ಲ ಒಂದು ಮಂತ್ರ ಗೊತ್ತು: 'ಸ್ಟಾಫ್'. ಪ್ಯಾಸೆಂಜರ್ ಗಾಡಿಯಲ್ಲಿ ಟಿಸಿ ಎದುರು ಬಂದಾಗ ಅಷ್ಟು ಹೇಳಿದರೆ ಸಾಕು, ಅವನು ಟಿಕೆಟ್ ಕೇಳದೆ ಮುಂದಿನವರ ಕಡೆ ತಿರುಗುತ್ತಿದ್ದ. ಕಾಲೊನಿಯ ಹೆಂಗಸರು ಚಿತ್ತಾಪುರದ ಸಂತೆಗೂ ಶಹಾಬಾದಿನ ದವಾಖಾನೆಗೂ ಹೀಗೆಯೇ ಹೋಗಿಬರುತ್ತಿದ್ದರು. ನಮ್ಮಪ್ಪ ಮಾತ್ರ ಆ ಪೈಕಿ ಅಲ್ಲ. ಅವರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಗಾಡಿಗಳಿಗೆ ಹಳಿ ಬದಲಿಸಿಕೊಟ್ಟು, ಹಸಿರು ಬಾವುಟ ಹಿಡಿದು ನಿಲ್ಲುವ ಕೆಲಸ. ಅವ್ವನ ತವರು ಚಿಂಚೋಳಿ. ಸೇಡಂವರೆಗೆ ರೈಲು, ಮುಂದೆ ಬಸ್ಸು. ನನಗೆ ಐದು ತುಂಬಿದ ವಾರವೇ ಅಪ್ಪ ನನಗೊಂದು ಅರ್ಧ ಟಿಕೆಟ್ ತೆಗೆಸಿದರು.

"ಕೂಸಿಗಿ ಇನ್ನಾ ನಾಕು ಅಂದಿದ್ರ ಯಾರು ಎದಿ ಸೀಳಿ ನೋಡ್ತಿದ್ರು?" ಎಂದ ಅವ್ವ ಸೇಡಂ ಬರುವವರೆಗೂ ಅವರ ಜೊತೆ ಮಾತಾಡಲಿಲ್ಲ.

ನಿವೃತ್ತರಾದ ಕೆಲವು ವರ್ಷಕ್ಕೆ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಸೋತಿತು, ಮಾತು ತೊದಲಿತು. ಬೆರಳುಗಳಿಗೆ ದಿನವೂ ಕೆಲಸ ಕೊಡಿ ಎಂದರು ಡಾಕ್ಟರು. ರಬ್ಬರ್ ಚೆಂಡು ತಂದುಕೊಟ್ಟರೆ ಅಪ್ಪ ಅದನ್ನು ಬೆಕ್ಕಿನ ಕಡೆ ಎಸೆದರು. ಚಿತ್ತಾಪುರದ ಶಾಲೆಯಲ್ಲಿ ನಾನು ಟೀಚರ್; ರೈಲು ಓಡಿಸುವ ಕಂಪ್ಯೂಟರ್ ಗೇಮ್ ಒಂದಿದೆ ಎಂದು ಅಲ್ಲಿಯ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ಶಹಾಬಾದಿನ ಕಂಪ್ಯೂಟರ್ ರಿಪೇರಿ ಅಂಗಡಿಯವರು ಕಾಪಿ ಹಾಕಿಕೊಡುತ್ತೇನೆ ಎಂದರು. ಅಪ್ಪ ತಲೆ ಅಲ್ಲಾಡಿಸಿದರು.

"ಟಿಕೇಟ್ ಇಲ್ದ ಗಾಡಿ ನಾ ಹತ್ತಂಗಿಲ್ಲ."

ಹೀಗಾಗಿ ಅಸಲಿ ಗೇಮನ್ನೇ ಕೊಂಡೆ. ಕಂಪನಿಯವರು ಕೇಳಿದ ಫಾರ್ಮನ್ನು ಅಪ್ಪನ ಹೆಸರಿನಲ್ಲೇ ತುಂಬತೊಡಗಿದೆ. ಹುಟ್ಟಿದ ದಿನದ ಜಾಗ ಬಂದಾಗ ನಾನು ಅಭ್ಯಾಸದಂತೆ ಜೂನ್ ಒಂದು ಎಂದು ಬರೆಯಲು ಹೊರಟೆ. ನಮ್ಮ ಕಡೆ ಅಪ್ಪನ ವಯಸ್ಸಿನವರೆಲ್ಲ ಜೂನ್ ಒಂದರಂದೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮಾಸ್ತರರು ಕೊಟ್ಟ ದಿನ ಅದು. ಸರ್ವಿಸ್ ಬುಕ್ಕಿನಿಂದ ಆಧಾರ್ ಕಾರ್ಡಿನವರೆಗೆ ಅಪ್ಪನ ಎಲ್ಲ ಕಾಗದದಲ್ಲೂ ಅದೇ ಇದೆ. ಅಪ್ಪ ನನ್ನ ಕೈ ಹಿಡಿದರು.

"ಅದು ಮಾಸ್ತರ್ ಬರ್ಸಿದ್ದು. ಇದು ನಾನೇ ಬರ್ಸಾಕತ್ತೀನಿ. ಖರೇದು ಬರಿ."

ಅಜ್ಜಿ ಹೇಳಿದ ಹುಣ್ಣಿಮೆಯ ಲೆಕ್ಕದಿಂದ ಎಂದೋ ಹುಡುಕಿಟ್ಟಿದ್ದ ನಿಜವಾದ ತಾರೀಖನ್ನು ಅವರು ಹೇಳಿದರು. ನಾನು ಬರೆದೆ. ಜಗತ್ತಿನ ಯಾವ ಕಚೇರಿಗೂ ಹೇಳದ ಸತ್ಯವನ್ನು ಎಲ್ಲಿಯದೋ ಗೇಮ್ ಕಂಪನಿಗೆ ಕೊಟ್ಟೆವು.

ಆಮೇಲಿನ ಒಂದು ವರ್ಷ ನಮ್ಮ ಮನೆಯ ಒಳ್ಳೆಯ ವರ್ಷ. ಆ ಗೇಮಿನಲ್ಲಿ ನಮಗೆ ಬೇಕಾದ ಕಡೆ ಹಳಿ ಹಾಕಬಹುದು. ಮೊದಲು ವಾಡಿ, ಚಿತ್ತಾಪುರ, ಸೇಡಂ ಕಟ್ಟಿದೆವು. ಆಮೇಲೆ ಅಪ್ಪ ಯಾವ ಸರ್ಕಾರವೂ ಮಾಡದ ಕೆಲಸ ಮಾಡಿದರು: ಸೇಡಂನಿಂದ ಚಿಂಚೋಳಿಗೆ ರೈಲು ತಂದರು. ಜೀವನವಿಡೀ ಕೆಳಗೆ ನಿಂತು ಬಾವುಟ ತೋರಿಸಿದವರು ಈಗ ಡ್ರೈವರ್. ಬಲಗೈಯ ಮೂರು ಬೆರಳು ತಿರುಗಿ ಬಂದವು, ಮಾತೂ ಬಿಡಿಸಿಕೊಂಡಿತು. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಅವ್ವ ಪಕ್ಕದಲ್ಲಿ ಕೂತು, "ಮುದುಕಿ ಆದ್ ಮ್ಯಾಲ ತವರಿಗಿ ಗಾಡಿ ಬಿಟ್ಟೀರಿ" ಎಂದು ಚುಚ್ಚಿದಳು. ಆದರೆ ದಿನವೂ ಕೂರುತ್ತಿದ್ದಳು.

ಒಂದು ಭಾನುವಾರ ಅಪ್ಪನಿಗೆ ಫೋನು ಬಂತು. ಪಿಂಚಣಿ ಆಫೀಸಿನವನಂತೆ. ಅಪ್ಪನ ಹೆಸರು, ಮನೆ, ಹುಟ್ಟಿದ ದಿನ ಎಲ್ಲ ಅವನೇ ಓದಿ ಹೇಳಿದ. ಅಪ್ಪ ಮೊಬೈಲಿಗೆ ಬಂದ ನಂಬರನ್ನು ಒಂದೊಂದಾಗಿ ಹೇಳತೊಡಗಿದ್ದರು. ಅವ್ವ ಒಲೆ ಬಿಟ್ಟು ಓಡಿಬಂದು ಫೋನು ಕಸಿದುಕೊಂಡಳು.

"ಯಾರಂತ ನಂಬಿದಿರಿ?"

"ನನ್ನ ಖರೇ ತಾರೀಖು ಹೇಳ್ದ. ಅದು ಗೊತ್ತಿದ್ದಾವ ನಮ್ಮ ಮಂದಿನೇ ಇರ್ಬೇಕಂದೆ" ಎಂದರು ಅಪ್ಪ, ಮುಖ ಕೆಳಗೆ ಹಾಕಿ.

ನನಗೆ ಮೈ ಉರಿಯಿತು. ಆ ತಾರೀಖು ನಾನು ಬರೆದದ್ದು ಒಂದೇ ಕಡೆ. ಜೂನ್ ಒಂದು ಎಂದೇ ಬರೆದಿದ್ದರೆ ಅಪ್ಪ ಆ ಕಳ್ಳನನ್ನು ಅಷ್ಟು ನಂಬುತ್ತಿರಲಿಲ್ಲ. ಮೂರು ವಾರ ಕಳೆದ ಮೇಲೆ ಕಂಪನಿಯಿಂದ ಮೇಲ್ ಬಂತು: ನಿಮ್ಮ ಮಾಹಿತಿ ಕೆಲವು ಅನಧಿಕೃತ ವ್ಯಕ್ತಿಗಳಿಗೆ ಸಿಕ್ಕಿರಬಹುದು, ನಿಮ್ಮ ಸುರಕ್ಷತೆಯೇ ನಮಗೆ ಮುಖ್ಯ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ತಪ್ಪಾಯಿತು ಎಂಬ ಒಂದು ಮಾತು ಅದರಲ್ಲಿರಲಿಲ್ಲ.

ಅದೇ ತಿಂಗಳು ಕರೆಂಟು ಏರುಪೇರಾಗಿ ಕಂಪ್ಯೂಟರಿನ ಬೋರ್ಡು ಸುಟ್ಟಿತು. ಶಹಾಬಾದಿಗೆ ಒಯ್ದು ಹೊಸ ಬೋರ್ಡು ಹಾಕಿಸಿ ತಂದೆ. ಹಾರ್ಡ್ ಡಿಸ್ಕಿನಲ್ಲಿ ಚಿಂಚೋಳಿ ಲೈನು ಹಾಗೇ ಇತ್ತು. ಆದರೆ ಈ ಗೇಮ್ ತೆರೆದಾಗಲೆಲ್ಲ ಇಂಟರ್ನೆಟ್ಟಿನಲ್ಲಿ ಕಂಪನಿಯನ್ನು ಕೇಳುತ್ತದೆ, ಇವರು ಕೊಂಡವರೇ ಹೌದೇ ಎಂದು. ಬೋರ್ಡು ಬೇರೆಯಾದದ್ದನ್ನು ಕಂಡು ಕಂಪನಿ ಗೇಮ್ ತೆರೆಯಲು ಬಿಡಲಿಲ್ಲ. ಪರದೆಯ ಮೇಲಿದ್ದ ಇಂಗ್ಲಿಷ್ ಏನೆಂದು ಅಪ್ಪ ಕೇಳಿದರು. ಇದು ಕದ್ದ ಪ್ರತಿ ಇರಬಹುದು ಎನ್ನುತ್ತಿದ್ದಾರೆ ಎಂದೆ.

"ಯಾರಿಗಿ ಅನ್ಲಿಕತ್ತಾರ?"

ಅಪ್ಪ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ಕಂಪನಿಗೆ ಬರೆದೆ. ರಸೀದಿ ಕೇಳಿದರು, ಕಳಿಸಿದೆ. ಆಧಾರ್ ಕಾರ್ಡಿನ ಫೋಟೊ ಕೇಳಿದರು. ಕೊಟ್ಟದ್ದನ್ನೇ ಬಜಾರಿಗೆ ಚೆಲ್ಲಿದವರು ಉಳಿದದ್ದನ್ನೂ ಕೇಳುತ್ತಿದ್ದರು. ನಾನು ಕಳಿಸಲಿಲ್ಲ. ಎರಡು ತಿಂಗಳಲ್ಲಿ ಅಪ್ಪನ ಬೆರಳುಗಳು ಮತ್ತೆ ಮಡಚಿಕೊಳ್ಳತೊಡಗಿದವು.

ಶಹಾಬಾದಿನ ಅಂಗಡಿಯವರು ಕದ್ದ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು, "ಇದು ಏನೂ ಕೇಳಂಗಿಲ್ರಿ ಅಕ್ಕೋರೆ. ರೊಕ್ಕ ಕೊಟ್ಟಿದ್ದೇ ದಿನಾ ಕೇಳ್ತದ" ಎಂದರು. ನಾನು ಅದನ್ನು ಮನೆಗೆ ತಂದು ಕಂಪ್ಯೂಟರಿಗೆ ಹಾಕಿದೆ.

ಅಪ್ಪ ಕುರ್ಚಿಯಲ್ಲಿ ಕೂತರು, ಆದರೆ ಕೈ ಮುಂದೆ ಮಾಡಲಿಲ್ಲ.

"ಟಿಕೇಟ್ ಅದನವಾ?"

ಐದು ತುಂಬಿದ ವಾರವೇ ಅರ್ಧ ಟಿಕೆಟ್ ತೆಗೆಸಿಕೊಂಡವಳು ನಾನು. "ಅದ ಅಪ್ಪಾ. ಕಂಪನಿಯವ್ರು ಒಪ್ಪಿಕೊಂಡ್ರು" ಎಂದೆ. ಅವ್ವ ನನ್ನ ಮುಖ ನೋಡಿದಳು.

ಗಾಡಿ ಚಿತ್ತಾಪುರ ದಾಟಿತು. ಗೇಮ್ ಎಲ್ಲೂ ತಡೆಯಲಿಲ್ಲ, ಏನೂ ಕೇಳಲಿಲ್ಲ. ಸೇಡಂನಲ್ಲಿ ಗಾಡಿ ನಿಲ್ಲಿಸಿದ ಅಪ್ಪ ನನ್ನ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತ್ತು.

"ನೋಡಿದ್ಯಾ ಯವ್ವಾ, ಖರೇ ಟಿಕೇಟ್ ಇದ್ರ ಯಾರೂ ಏನೂ ಕೇಳಂಗಿಲ್ಲ."

ನಾನು ಹೂಂ ಎಂದೆ.