ಎರಡು ಸಾವಿರ, ಯಾವ ದುಡ್ಡಿನಲ್ಲಿ

ಕಠ್ಮಂಡುವಿನಲ್ಲಿ ಇಳಿದ ಮೊದಲ ದಿನವೇ ನಮ್ಮ ಟೂರಿನವನು ಎಲ್ಲರನ್ನೂ ಹೋಟೆಲಿನ ಊಟದ ಹಾಲಿನಲ್ಲಿ ಕೂರಿಸಿ ದುಡ್ಡಿನ ಪಾಠ ಹೇಳಿದ. ನಮ್ಮ ನೂರು ರೂಪಾಯಿಗೆ ಅಲ್ಲಿಯ ನೂರ ಅರವತ್ತು. ನಮ್ಮ ನೂರರ ನೋಟನ್ನು ಎಲ್ಲರೂ ತೆಗೆದುಕೊಳ್ಳುತ್ತಾರೆ, ಐನೂರರದನ್ನು ಹೊರಗೆ ತೆಗೆಯಬೇಡಿ. ನಮ್ಮ ದುಡ್ಡಿಗೆ ಅವರು ಐಸಿ ಅನ್ನುತ್ತಾರೆ, ತಮ್ಮದಕ್ಕೆ ಎನ್‌ಸಿ.

"ಅಂಗಡೀಲಾಗ್ಲಿ, ಕುದುರೆಯವರ ಹತ್ರ ಆಗ್ಲಿ, ರೇಟು ಹೇಳಿದ ತಕ್ಷಣ ಐಸಿನಾ ಎನ್‌ಸಿನಾ ಅಂತ ಕೇಳ್ಕೊಳ್ಳಿ. ನಾವು ಇಂಡಿಯಾದವರು ಅಂತ ಗೊತ್ತಾದ್ರೆ ಅವರು ನಮ್ಮ ದುಡ್ಡಲ್ಲೇ ಹೇಳೋದು. ಆಮೇಲೆ ಜಗಳ ಬೇಡ" ಎಂದ.

ನಾನು ಅದನ್ನು ಚೆನ್ನಾಗಿ ಕೇಳಿಸಿಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಆಮೇಲೆ ನಾನು ಮಾಡಿದ್ದಕ್ಕೆ ತಿಳಿಯದೆ ಮಾಡಿದೆ ಎಂಬ ನೆಪ ನನಗಿಲ್ಲ.

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್. ಎರಡು ಕುರ್ಚಿ, ಒಂದು ಮಂಚ, ಗೋಡೆಗೆ ಉದ್ದನೆಯ ಕನ್ನಡಿ. ಇಪ್ಪತ್ತೆರಡು ವರ್ಷದಿಂದ ಊರಿನ ಹೆಂಗಸರ ಕೂದಲು, ಮುಖ, ಪಾದ ಮುಟ್ಟಿ ದುಡಿದಿದ್ದೇನೆ. ಈ ಕೆಲಸದ ಕಷ್ಟ ಏನೆಂದರೆ, ಸೀರೆ ಮಾರಿದವನು ದುಡ್ಡು ಕಡಿಮೆಯಾದರೆ ಸೀರೆಯನ್ನು ಒಳಗಿಟ್ಟುಕೊಳ್ಳಬಹುದು, ತಿಕ್ಕಿ ತೊಳೆದ ಪಾದವನ್ನು ನಾನು ವಾಪಸ್ ಕೇಳುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಎಲ್ಲವೂ ಕೊಡುವವರ ಕೈಯಲ್ಲಿ. ಹಾಗಾಗಿ ನಾನು ಮೊದಲೇ ರೇಟು ಹೇಳಿಬಿಡುತ್ತೇನೆ, ಗೋಡೆಯ ಮೇಲೆ ಬರೆದೂ ಅಂಟಿಸಿದ್ದೇನೆ.

ನೇಪಾಳಕ್ಕೆ ಹೋದದ್ದು ಅತ್ತೆಗಾಗಿ. ಅತ್ತೆಗೆ ಎಪ್ಪತ್ತನಾಲ್ಕು. ಭದ್ರಾವತಿ ಓಲ್ಡ್ ಟೌನಿನಲ್ಲಿ ನನ್ನ ಭಾವನವರ ಮನೆಯಲ್ಲಿದ್ದಾರೆ. ಪಶುಪತಿನಾಥನನ್ನು ನೋಡಬೇಕು ಅನ್ನುವುದು ಅವರಿಗೆ ಮದುವೆಯಾದ ಕಾಲದಿಂದಲೂ ಇದ್ದ ಆಸೆ. ನನ್ನ ಗಂಡನಿಗೆ ರಜೆ ಸಿಗಲಿಲ್ಲ, ಭಾವನವರಿಗೆ ಅಂಗಡಿ ಬಿಡಲಾಗಲಿಲ್ಲ, ನಾನೇ ಕರೆದುಕೊಂಡು ಹೊರಟೆ. ಸೋಗಾನೆಯಲ್ಲಿ ವಿಮಾನ ಹತ್ತುವಾಗ ಅತ್ತೆ ಮೆಟ್ಟಿಲಿನ ಕಂಬಿ ಹಿಡಿದು ಹಿಂತಿರುಗಿ, "ನಿನ್ನಿಂದ ಇದನ್ನೂ ನೋಡ್ದೆ ಕಣೆ" ಎಂದರು.

ಪಶುಪತಿನಾಥನ ದರ್ಶನ ಚೆನ್ನಾಗಿ ಆಯಿತು. ಮೂರು ದಿನ ಬಿಟ್ಟು ಮುಕ್ತಿನಾಥ. ಜೀಪಿನಿಂದ ಇಳಿಯುವಾಗಲೇ ತಣ್ಣಗಿನ ಗಾಳಿ ಮುಖಕ್ಕೆ ಹೊಡೆಯಿತು. ದೇವಸ್ಥಾನ ಇನ್ನೂ ಮೇಲೆ, ಏರುದಾರಿ, ಅದಾದ ಮೇಲೆ ಮೆಟ್ಟಿಲು. ಅತ್ತೆ ಹತ್ತು ಹೆಜ್ಜೆ ನಡೆದು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು.

"ನನ್ ಕೈಲಾಗಲ್ಲ. ನೀನು ಹೋಗಿ ಬಾ. ನಾನು ಇಲ್ಲಿಂದಲೇ ಕೈ ಮುಗೀತೀನಿ."

ಕುದುರೆಯ ಮೇಲೆ ಕೂರಲು ಅವರು ಹೆದರಿದರು. ಅಲ್ಲೇ ಬಿದಿರಿನ ಕುರ್ಚಿಯಂಥ ಬುಟ್ಟಿ ಇಟ್ಟುಕೊಂಡು ಒಬ್ಬ ನಿಂತಿದ್ದ. ನಲವತ್ತರ ಆಸುಪಾಸಿನವನು, ಕುಳ್ಳ, ಅಗಲ ಎದೆ. ಬುಟ್ಟಿಗೆ ಕಟ್ಟಿದ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಜನರನ್ನು ಬೆನ್ನ ಮೇಲೆ ಹೊತ್ತು ಹೋಗುವುದು ಅವನ ಕೆಲಸ. ನಮ್ಮ ಬಜಾರಿನ ಉರ್ದುವಿನಲ್ಲಿ ಎಷ್ಟು ಎಂದು ಕೇಳಿದೆ. "ತೀನ್ ಹಜಾರ್, ದೀದಿ" ಅಂದ. ನಾನು ಚೌಕಾಸಿ ಮಾಡಿದೆ. ಅತ್ತೆಯನ್ನು ತೋರಿಸಿ, ನೋಡು ಎಷ್ಟು ಹಗುರ ಇದ್ದಾರೆ ಅಂದೆ. ಅವನು ಅತ್ತೆಯನ್ನು ನೋಡಿ ನಕ್ಕ. ಕೊನೆಗೆ ಎರಡು ಸಾವಿರಕ್ಕೆ ಒಪ್ಪಿದ.

ಐಸಿನಾ ಎನ್‌ಸಿನಾ ಎಂದು ನಾನು ಕೇಳಲಿಲ್ಲ.

ಮರೆತಿರಲಿಲ್ಲ. ನಾಲ್ಕು ದಿನದಿಂದ ನೀರಿನ ಬಾಟಲಿ ಕೊಳ್ಳುವಾಗಲೂ ಕೇಳಿದವಳು ನಾನು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಬಾಯಿ ಬಿಡಲಿಲ್ಲ ಅಷ್ಟೇ. ಅವನು ಹೇಳಿದ್ದು ನಮ್ಮ ದುಡ್ಡಿನ ಲೆಕ್ಕದಲ್ಲಿ ಅಂತ ನನಗೆ ಗೊತ್ತಿತ್ತು. ಕೇಳದೆ ಬಿಟ್ಟರೆ ಆಮೇಲೆ ಅನುಕೂಲ ಆದೀತು ಅಂತಲೂ ಗೊತ್ತಿತ್ತು.

ಅವನು ಅತ್ತೆಯನ್ನು ಹೊತ್ತ ರೀತಿ ಈಗಲೂ ಕಣ್ಣ ಮುಂದಿದೆ. ಮೊದಲು ಬುಟ್ಟಿಯೊಳಗೆ ತನ್ನ ಕಂಬಳಿ ಮಡಚಿ ಹಾಸಿದ. ಅತ್ತೆಯ ಸೀರೆಯ ನೆರಿಗೆ ಬಿದಿರಿಗೆ ಸಿಕ್ಕದ ಹಾಗೆ ಎತ್ತಿ ಒಳಗೆ ಸೇರಿಸಿದ. ನಾವು ಖಾಲಿ ಕೈಯಲ್ಲಿ ಏದುಸಿರು ಬಿಡುತ್ತಿದ್ದರೆ ಅವನು ಒಂದೇ ಸಮನೆ ಹೆಜ್ಜೆ ಹಾಕುತ್ತಿದ್ದ. ಮೇಲೆ ಹೋದ ಮೇಲೆ ನಮ್ಮನ್ನು ಬಿಟ್ಟು ಬೇರೆ ಗಿರಾಕಿ ನೋಡಿಕೊಳ್ಳಲಿಲ್ಲ. ದೇವಸ್ಥಾನದ ಹಿಂದೆ ಬೀಳುವ ನೂರೆಂಟು ಧಾರೆಯ ನೀರು ಅತ್ತೆಯ ತಲೆಗೆ ತಾನೇ ಬೊಗಸೆಯಲ್ಲಿ ತಂದು ಚಿಮುಕಿಸಿದ. ಬರಿಗಾಲಿನಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತು ಅತ್ತೆಯ ಪಾದಗಳು ಮರಗಟ್ಟಿದ್ದವು. ಅವನು ಕೆಳಗೆ ಕುಳಿತು ಆ ಎರಡು ಪಾದಗಳನ್ನು ತನ್ನ ಅಂಗೈಯಲ್ಲಿ ಹಿಡಿದು ಬಿಸಿಯಾಗುವವರೆಗೂ ತಿಕ್ಕಿದ, ಆಮೇಲೆ ಕಾಲುಚೀಲ ಹಾಕಿದ. ಅತ್ತೆ ಕನ್ನಡದಲ್ಲೇ, "ಸಾಕು ಮಾರಾಯ, ಏಳಪ್ಪ" ಅನ್ನುತ್ತಿದ್ದರು. ಅದು ನಾನು ದಿನವೂ ಮಾಡುವ ಕೆಲಸ. ಎಷ್ಟು ಮನಸ್ಸಿಟ್ಟು ಮಾಡುತ್ತಿದ್ದಾನೆ ಎಂದು ಅಳೆಯಲು ನನ್ನಷ್ಟು ಯೋಗ್ಯರು ಆ ಗುಂಪಿನಲ್ಲಿ ಬೇರೆ ಯಾರೂ ಇರಲಿಲ್ಲ.

ಕೆಳಗಿಳಿದು ಜೀಪಿನ ಹತ್ತಿರ ಅತ್ತೆಯನ್ನು ಇಳಿಸಿದ. ನನ್ನ ಪರ್ಸಿನಲ್ಲಿ ಒಂದು ಕಡೆ ನಮ್ಮ ನೂರರ ನೋಟುಗಳ ಕಟ್ಟು, ಇನ್ನೊಂದು ಕಡೆ ನೇಪಾಳದ ನೋಟು. ಆನೆಯ ಚಿತ್ರವಿದ್ದ ಎರಡು ನೇಪಾಳಿ ಸಾವಿರದ ನೋಟು ತೆಗೆದು ಅವನ ಕೈಗಿಟ್ಟೆ.

ಅವನು ನೋಟು ನೋಡಿದ, ನನ್ನ ಮುಖ ನೋಡಿದ. "ಐಸಿ ಬೋಲಾ ಥಾ, ದೀದಿ" ಅಂದ, ತಾನು ಹೇಳಿದ್ದು ನಮ್ಮ ದುಡ್ಡಿನಲ್ಲಿ ಅಂತ. ದನಿ ಏರಿಸಲಿಲ್ಲ.

"ಐಸಿ ನಹೀ ಬೋಲಾ. ದೋ ಹಜಾರ್ ಬೋಲಾ" ಅಂದೆ.

ಅಕ್ಷರಶಃ ಅದು ನಿಜವಾಗಿತ್ತು, ಐಸಿ ಎಂಬ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ಅದಕ್ಕೇ ಅಷ್ಟು ಧೈರ್ಯವಾಗಿ ಹೇಳಿದೆ. ನಮ್ಮ ಗುಂಪಿನಲ್ಲಿದ್ದ ಭದ್ರಾವತಿಯ ನಿವೃತ್ತರೊಬ್ಬರು ಜೀಪಿನ ಒಳಗಿನಿಂದ, "ಇವರದ್ದು ಇದ್ದಿದ್ದೇ ಮಾರಾಯ್ತಿ, ಕೊಟ್ಟಷ್ಟೂ ಕೇಳ್ತಾರೆ. ನೀವು ಹತ್ತಿ" ಅಂದರು. ಆ ಮಾತು ನನಗೆ ಆಸರೆಯಾಯಿತು. ಅವನು ಮತ್ತೆ ಕೇಳಲಿಲ್ಲ. ನೋಟುಗಳನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿ, ಅತ್ತೆಯ ಕಡೆ ತಿರುಗಿ ಕೈ ಮುಗಿದು, ಖಾಲಿ ಬುಟ್ಟಿ ಎತ್ತಿಕೊಂಡು ಹೋದ.

ಜೀಪು ಹೊರಟ ಮೇಲೆ ಅತ್ತೆ ಕೇಳಿದರು. "ಎಷ್ಟು ಕೊಟ್ಟೆ ಅವನಿಗೆ?"

"ಎರಡು ಸಾವಿರ, ಅತ್ತೆ."

"ಒಳ್ಳೇದಾಯ್ತು. ಅಷ್ಟಾದ್ರೂ ಕೊಡಬೇಕು" ಎಂದು ಕಣ್ಣು ಮುಚ್ಚಿಕೊಂಡರು.

ಲೆಕ್ಕ ಹಾಕಿದರೆ ಅವನಿಗೆ ಸಿಕ್ಕಿದ್ದು ನಮ್ಮ ಸಾವಿರದ ಇನ್ನೂರೈವತ್ತು, ನಾನು ಉಳಿಸಿದ್ದು ಏಳುನೂರೈವತ್ತು ರೂಪಾಯಿ. ನನ್ನ ಪಾರ್ಲರಿನಲ್ಲಿ ಒಂದು ಫೇಶಿಯಲ್‌ಗೆ ಅದಕ್ಕಿಂತ ಜಾಸ್ತಿ. ಮರುದಿನ ಪೋಖರಾದಲ್ಲಿ ಯಾರಿಗೂ ಬೇಡದ ಒಂದು ಕೈಚೀಲಕ್ಕೆ ಅಷ್ಟೇ ದುಡ್ಡು ಸುರಿದೆ.

ಊರಿಗೆ ಬಂದ ಮೇಲೆ ಅತ್ತೆ ಈ ಕಥೆಯನ್ನು ಹೇಳಲು ಶುರು ಮಾಡಿದರು. ಓಲ್ಡ್ ಟೌನಿನ ಮನೆಗೆ ಯಾರು ಬಂದರೂ ಪಶುಪತಿನಾಥನಿಗಿಂತ ಮೊದಲು ಬುಟ್ಟಿಯವನ ಕಥೆ. "ನನ್ನ ಸೊಸೆ ಎರಡು ಸಾವಿರ ಕೊಟ್ಟು ನನ್ನ ಹೊರಿಸಿದ್ಲು ಕಣ್ರೀ. ಹೆತ್ತ ಮಕ್ಕಳೂ ಹಂಗೆ ಮಾಡಲ್ಲ. ಆ ಪುಣ್ಯಾತ್ಮ ನನ್ನ ಕಾಲು ತಿಕ್ಕಿ ಬಿಸಿ ಮಾಡ್ದ, ಹೋಗುವಾಗ ಕೈ ಮುಗಿದು ಹೋದ." ಬಂದವರು ನನ್ನನ್ನು ಮೆಚ್ಚಿಕೊಂಡು ನೋಡುವರು. ನಾನು ಕಾಫಿ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋಗುವೆ. ಒಂದು ಸಲ ನನ್ನ ಓರಗಿತ್ತಿ, "ಹೊಗಳಿದ್ರೆ ನಿನಗೆ ಇಷ್ಟು ಸಂಕೋಚನಾ" ಎಂದು ನಕ್ಕಳು.

ಹೀಗೆ ಐದಾರು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಪಾರ್ಲರಿಗೆ ಒಬ್ಬ ಹೊಸ ಹುಡುಗಿ ಬಂದಳು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿನಿ, ಆಫ್ರಿಕಾದ ಕಡೆಯವಳು. ಬಸ್ಸಿನಲ್ಲಿ ಬಂದು ದಣಿದಿದ್ದಳು. ಕೂದಲು ತೊಳೆದು ತುದಿ ಕತ್ತರಿಸಬೇಕಿತ್ತು. ಕುರ್ಚಿಯಲ್ಲಿ ಕೂರುವ ಮೊದಲು ಗೋಡೆಯ ಮೇಲಿನ ರೇಟು ನೋಡಿ, ಫೋನಿನಲ್ಲಿ ಆರುನೂರು ಎಂದು ಒತ್ತಿ ನನ್ನ ಮುಂದೆ ಹಿಡಿದಳು. "ಇಂಡಿಯನ್ ರುಪೀಸ್? ಪಕ್ಕಾ?" ಎಂದಳು.

ನನಗೆ ನಗು ಬಂತು. ಶಿವಮೊಗ್ಗದಲ್ಲಿ ಬೇರೆ ಯಾವ ದುಡ್ಡು ಕೇಳಲಿ ಅಂದೆ. ಅವಳು ನಗಲಿಲ್ಲ. ತನಗೆ ಬರುವ ಅಷ್ಟಿಷ್ಟು ಕನ್ನಡ, ಇಂಗ್ಲಿಷು ಸೇರಿಸಿ ಹೇಳಿದಳು. ಅವಳ ತಾಯಿ ಅವಳ ಊರಿನಲ್ಲಿ ಪ್ರವಾಸಿಗರಿಗೆ ಜಡೆ ಹಾಕುವವಳಂತೆ. ಒಂದು ತಲೆಗೆ ಮೂರು ನಾಲ್ಕು ಗಂಟೆ. ಮೊದಲು ಒಂದು ಅಂಕಿ ಒಪ್ಪುತ್ತಾರೆ, ಎದ್ದ ಮೇಲೆ ಯಾವ ದುಡ್ಡು ಅಗ್ಗವೋ ಅದರಲ್ಲಿ ಕೊಡುತ್ತಾರೆ. "ಅಮ್ಮ ಜಡೆ ಬಿಚ್ಚಕ್ಕೆ ಆಗಲ್ಲ ಅಲ್ವಾ, ಆಂಟಿ" ಎಂದಳು. ನಾನು ಅವಳ ಕುತ್ತಿಗೆಗೆ ಟವಲು ಸುತ್ತುತ್ತಿದ್ದೆ. ಕನ್ನಡಿಯಲ್ಲಿ ಅವಳ ಕಣ್ಣು ತಪ್ಪಿಸಲು ಶಾಂಪೂ ಹುಡುಕುವವಳ ಹಾಗೆ ಬಗ್ಗಿದೆ.

ಆ ಭಾನುವಾರ ಭದ್ರಾವತಿಗೆ ಹೋದೆ. ಅತ್ತೆ ಹಿತ್ತಿಲಿನಲ್ಲಿ ಚಾಪೆ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕುಳಿತು ನಾನೂ ಬಿಡಿಸುತ್ತಾ ಎಲ್ಲವನ್ನೂ ಹೇಳಿದೆ. ಎರಡು ದುಡ್ಡಿನ ವ್ಯತ್ಯಾಸ, ಕೇಳದೆ ಬಿಟ್ಟದ್ದು, ಅವನು ಅಂದದ್ದು, ನಾನು ಅಂದದ್ದು.

ಅತ್ತೆಯ ಕೈ ನಿಂತಿತು. "ಅವನು ಬಾಯಿ ಬಿಟ್ಟು ಕೇಳಿದ್ನಾ?"

"ಕೇಳಿದ, ಅತ್ತೆ."

"ನಾನು ಅಲ್ಲೇ ನಿಂತಿದ್ನಲ್ಲ."

"ಹೂಂ."

ಬಿಡಿಸಿದ ಬೀಜಗಳನ್ನು ಒಂದು ಕಡೆ ಸರಿಸಿದರು. ಆಮೇಲೆ, "ನಂಗೆ ಆ ಭಾಷೆ ತಿಳೀಲಿಲ್ಲ. ಖುಷಿಯಿಂದ ಕೈ ಮುಗಿದ ಅನ್ಕೊಂಡಿದ್ದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗಿ ಶಿವಮೊಗ್ಗದ ಬಸ್ಸು ಹತ್ತುತ್ತಿದ್ದೆ.

ಅಂದಿನಿಂದ ಅವರು ಆ ಕಥೆ ಹೇಳುವುದನ್ನು ನಿಲ್ಲಿಸಿದರು. ಯಾರಾದರೂ ಕೇಳಿದರೆ "ದರ್ಶನ ಚೆನ್ನಾಗಾಯ್ತು" ಅನ್ನುವರು, ಅಷ್ಟೇ. ಅವರ ಮುಪ್ಪಿನಲ್ಲಿ ಸಿಕ್ಕ ಒಂದು ದೊಡ್ಡ ಸಂತೋಷವನ್ನು ನನ್ನ ಮನಸ್ಸು ಹಗುರ ಮಾಡಿಕೊಳ್ಳಲಿಕ್ಕೆಂದು ಕಿತ್ತುಕೊಂಡೆ ಅನ್ನುವುದು ನನಗೆ ಆಮೇಲೆ ಹೊಳೆಯಿತು. ಮೊದಲ ತಪ್ಪು ಏಳುನೂರೈವತ್ತು ರೂಪಾಯಿಯದು. ಇದಕ್ಕೆ ಬೆಲೆ ಹೇಗೆ ಕಟ್ಟುವುದೋ ಇಂದಿಗೂ ತಿಳಿದಿಲ್ಲ.

ಮುಂದಿನ ವರ್ಷ ಟೂರಿನವನು ಮತ್ತೆ ನೇಪಾಳಕ್ಕೆ ಜನ ಸೇರಿಸುತ್ತಿದ್ದಾನೆ ಎಂದು ಗೊತ್ತಾಯಿತು. ಅವನ ಆಫೀಸಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ಬುಟ್ಟಿಯವನಿಗೆಂದು ಒಂದು ಕವರು ಕೊಟ್ಟೆ. ಒಳಗೆ ನಮ್ಮ ನೂರರ ಇಪ್ಪತ್ತು ನೋಟು. ಜೊತೆಗೆ ಮುಕ್ತಿನಾಥದ ದಾರಿಯಲ್ಲಿ ಅವನು ಅತ್ತೆಯನ್ನು ಹೊತ್ತಿದ್ದಾಗ ನಾನು ತೆಗೆದಿದ್ದ ಫೋಟೋವನ್ನು ಫೋನಿಗೆ ಕಳಿಸಿದೆ.

"ಅಲ್ಲಿ ಅಂಥವರು ಎಷ್ಟೊಂದು ಜನ ಇರ್ತಾರೆ, ಮೇಡಂ. ಯಾರನ್ನ ಅಂತ ಹುಡುಕಲಿ" ಅಂದ.

"ಹುಡುಕಿ ಸಾರ್. ಸಿಗದಿದ್ರೆ ವಾಪಸ್ ತನ್ನಿ, ಬೇರೆ ಯಾರಿಗೂ ಕೊಡಬೇಡಿ" ಅಂದೆ.

ಅವನು ಹುಡುಕಿದ. ವಾಪಸ್ ಬಂದ ಮೇಲೆ ಪಾರ್ಲರಿನ ಬಾಗಿಲಿಗೇ ಬಂದು ಹೇಳಿದ. ಜೀಪ್ ನಿಲ್ಲುವ ಕಡೆಯೇ ಸಿಕ್ಕಿದನಂತೆ. ಫೋಟೋ ನೋಡಿ ಅತ್ತೆಯ ಗುರುತು ಹಿಡಿದು, ಅಜ್ಜಿ ಈಗ ನಡೆಯುತ್ತಾರಾ ಎಂದು ಕೇಳಿದನಂತೆ. ಕವರನ್ನು ಎಣಿಸದೆ ಜೇಬಿಗೆ ಹಾಕಿಕೊಂಡನಂತೆ.

"ನಾನು ಮಾಡಿದ್ದಕ್ಕೆ ಏನಂದ?" ಎಂದು ಕೇಳಿದೆ.

"ನಿಮ್ಮ ನೆನಪೇ ಇಲ್ಲ ಅಂದ, ಮೇಡಂ. ಹಂಗೆ ಮಾಡೋರು ದಿನಾ ಇಬ್ಬರು ಮೂವರು ಇರ್ತಾರಂತೆ. ಯಾರ್ಯಾರನ್ನ ನೆನಪಿಟ್ಕೊಳ್ಳೋದು ಅಂದ."

ಟೂರಿನವನು ಅದನ್ನು ಸಮಾಧಾನದ ಮಾತೆಂದೇ ಹೇಳಿದ. ಒಂದೂವರೆ ವರ್ಷ ನಾನು ಮನಸ್ಸಿನಲ್ಲಿ ಬುಟ್ಟಿಯವನ ಮುಂದೆ ನಿಂತು ಎಷ್ಟು ಸಲ ಮಾತಾಡಿದ್ದೆನೋ. ಅವನು ನನ್ನನ್ನು ಬೈಯುವುದನ್ನು, ಕ್ಷಮಿಸುವುದನ್ನು ಕಲ್ಪಿಸಿಕೊಂಡಿದ್ದೆ. ನಾನು ದಿನಕ್ಕೆ ಮೂವರಲ್ಲಿ ಒಬ್ಬಳು ಅನ್ನುವುದು ತಲೆಗೆ ಬಂದೇ ಇರಲಿಲ್ಲ.

ಅತ್ತೆಗೆ ಹೇಳಿದೆ. ಅವನು ಅವರ ನಡಿಗೆ ವಿಚಾರಿಸಿದ್ದನ್ನು ಮೊದಲು ಹೇಳಿದೆ, ದುಡ್ಡು ತಲುಪಿದ್ದನ್ನು ಆಮೇಲೆ. "ಆ ಫೋಟೋ ತೋರಿಸು" ಅಂದರು. ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ಹಿಡಿದರು. ಫೋಟೋದಲ್ಲಿ ಅತ್ತೆ ಬುಟ್ಟಿಯಲ್ಲಿ ಕುಳಿತು ನಗುತ್ತಿದ್ದಾರೆ, ಹಿಂದೆ ಬಿಳಿ ಬೆಟ್ಟ. ಅವರ ಕೆಳಗೆ ಒಂದು ಟೋಪಿ, ಹಣೆಯ ಪಟ್ಟಿ ಹಿಡಿದ ಎರಡು ಕೈ, ಬಾಗಿದ ತಲೆ.

"ಅವನ ಮುಖ ಕಾಣ್ಸಲ್ವಲ್ಲೇ" ಎಂದರು.

"ಇಲ್ಲ ಅತ್ತೆ. ತೆಗೀವಾಗ ನಾನು ನಿಮ್ಮನ್ನಷ್ಟೇ ನೋಡ್ತಿದ್ದೆ."

ಅತ್ತೆ ಬೆರಳಿನಿಂದ ಫೋಟೋ ಸರಿಸಿ, ಬೇರೆ ಯಾವುದಾದರೂ ಇದೆಯಾ ಎಂದು ಹುಡುಕತೊಡಗಿದರು. ಇರಲಿಲ್ಲ. ಆದರೂ ನಾನು ತಡೆಯಲಿಲ್ಲ.